ಚಾಪೆಲಿನ ಚಿತ್ರಕಾರ ಬ್ರದರ್ ಆಂತೋನಿಯೊ ಮೊಸ್ಕೇನಿ

ಮಂಗಳೂರಿನ ಬಾವುಟಗುಡ್ಡದ ಸಂತ ಅಲೋಶಿಯಸ್ ಚಾಪೆಲನ್ನು ನೋಡದ ಕರಾವಳಿಯ ಕಥೋಲಿಕರು ವಿರಳ. ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಇಟಲಿಯ ಯೇಸುಸಭೆಯ ಬ್ರದರ್ ಆಂತೋನಿಯೊ ಮೊಸ್ಕೇನಿ ಎಂಬುದೂ ಅನೇಕರಿಗೆ ಗೊತ್ತು. ಇಲ್ಲಿಗೆ ಬರುವ ಮೊದಲು ಅವರು ಏನನ್ನು ಬಿಟ್ಟುಬಂದಿದ್ದರು ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ.

ಮೊಸ್ಕೇನಿಯವರು 1854ರ ಜನವರಿ 17ರಂದು ಬೆರ್ಗಾಮೊ ನಗರದ ಸಮೀಪದ ಸ್ಟೆಜ್ಜಾನೊ ಎಂಬಲ್ಲಿ ಜನಿಸಿದರು. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತು, ಬಳಿಕ ರೋಮಿಗೆ ಹೋಗಿ ವ್ಯಾಟಿಕನ್ನಿನ ಮಹಾಕೃತಿಗಳನ್ನು ಅಭ್ಯಾಸ ಮಾಡಿದರು. ಊರಿನ ಸುತ್ತಲ ದೇವಾಲಯಗಳಲ್ಲಿ ಚಿತ್ರ ಬರೆದು ಹೆಸರಾದರು.

ಹೀಗೆ ಕೈತುಂಬ ಕೆಲಸವಿದ್ದಾಗಲೇ, 1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ ಅವರು ಯೇಸುಸಭೆಯನ್ನು ಸೇರಿದರು. ಅದೂ ಗುರುವಾಗಿ ಅಲ್ಲ, ಬ್ರದರ್ ಆಗಿ. ಬ್ರದರ್ ಬಲಿಪೂಜೆ ಅರ್ಪಿಸುವವರಲ್ಲ. ಅಡುಗೆಮನೆ, ತೋಟ, ಮರಗೆಲಸ, ಹೀಗೆ ಮಠದ ಯಾವ ಕೆಲಸ ಬಂದರೂ ಅವರ ಪಾಲಿಗೆ. ಚಿತ್ರದ ಕೂಲಿಯಾಗಲಿ ಕೀರ್ತಿಯಾಗಲಿ ಇನ್ನು ಅವರದಲ್ಲ. ಕುಂಚ ಹಿಡಿಯಬೇಕೋ ಬೇಡವೋ ಎಂಬುದೂ ಹಿರಿಯರ ಅಪ್ಪಣೆಗೆ ಬಿಟ್ಟ ಮಾತು.

ಹಿರಿಯರು ಕುಂಚವನ್ನೇ ಕೊಟ್ಟರು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಇಟಲಿಯ ಯೇಸುಸಭೆಯವರು 1880ರಲ್ಲಿ ಕಾಲೇಜು ತೆರೆದಿದ್ದರು. ಅದರ ಚಾಪೆಲಿಗೆ ಚಿತ್ರ ಬರೆಯಲು ಮೊಸ್ಕೇನಿಯವರನ್ನು ಕಳುಹಿಸಲಾಯಿತು. 1899ರಿಂದ 1901ರವರೆಗೆ ಕೆಲಸ ನಡೆಯಿತು. ಗೋಡೆಗಳಿಗೆ ಫ್ರೆಸ್ಕೊ ವಿಧಾನ: ಹಸಿ ಸುಣ್ಣದ ಗಾರೆ ಆರುವ ಮುನ್ನ ಬಣ್ಣ ಕೂರಬೇಕು, ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಚಾವಣಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ.

ನಮ್ಮ ವಿಜಯಪುರ ಸೀಮೆಗೆ ಗೋಡೆಚಿತ್ರ ಹೊಸದೇನಲ್ಲ. ಕುಮಟಗಿಯ ಆದಿಲ್‌ಶಾಹಿ ವಿಹಾರಮಂಟಪದಲ್ಲಿ ಮಾಸಿದ ಚಿತ್ರಗಳು ಇಂದಿಗೂ ಇವೆ. ಆದರೂ ಇಟ್ಟಂಗಿಹಾಳದಲ್ಲಿ ಬೆಳೆದ ನಾನು, ಚಿಕ್ಕಂದಿನಲ್ಲಿ ಕ್ಯಾಲೆಂಡರಿನಲ್ಲಿ ಕಂಡು ಆಸೆಪಟ್ಟಿದ್ದ ಈ ಚಾಪೆಲಿಗೆ ಕೊನೆಗೂ ಬಂದಾಗ ಮೊದಲು ನಂಬಿದ್ದು ಕಂಬಗಳನ್ನು. ಕೆತ್ತಿದ ಕಲ್ಲೆಂದುಕೊಂಡ ಅಲಂಕಾರವೆಲ್ಲ ಬರೀ ಬಣ್ಣ ಎಂದು ತಿಳಿಯಲು ಹತ್ತಿರ ಹೋಗಬೇಕಾಯಿತು. ಚಾವಣಿಯ ನಡುವೆ ಸಂತ ಅಲೋಶಿಯಸರ ಜೀವನ: ಅರಮನೆಯ ಹುಡುಗ ಆಸ್ತಿಯ ಹಕ್ಕು ಬಿಟ್ಟು ಯೇಸುಸಭೆ ಸೇರಿದ್ದು, ರೋಮಿನ ಪ್ಲೇಗ್ ರೋಗಿಗಳ ಸೇವೆ ಮಾಡಿ 1591ರಲ್ಲಿ 23ರ ಹರೆಯದಲ್ಲೇ ತೀರಿಕೊಂಡದ್ದು. ಎಲ್ಲವನ್ನೂ ಬಿಟ್ಟುಬಂದವನ ಕಥೆಯನ್ನು ಬರೆದವರೂ ಬಿಟ್ಟುಬಂದವರೇ. ಇಳಿಜಾರಿನಲ್ಲಿ ಪ್ರೇಷಿತರು, ಹಿಂಬದಿಯ ಗೋಡೆಯಲ್ಲಿ ಮಕ್ಕಳ ನಡುವೆ ಕುಳಿತ ಯೇಸು. ಇದು ವಿದ್ಯಾರ್ಥಿಗಳ ಚಾಪೆಲಲ್ಲವೇ!

ಕರಾವಳಿಯ ಮಳೆ, ತೇವ ಚಿತ್ರಗಳನ್ನು ಬಿಡಲಿಲ್ಲ. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಶುಚಿಗೊಳಿಸಿ ಉಳಿಸಿಕೊಟ್ಟರು. ಇಂದು ಎಲ್ಲ ಧರ್ಮದವರೂ ನೋಡಲು ಬರುತ್ತಾರೆ. ಬಂದವರು ಐದು ನಿಮಿಷಕ್ಕೇ ಹೊರಡದೆ, ಕುಳಿತು ತಲೆಯೆತ್ತಿ ನೋಡಬೇಕು.

ಮೊಸ್ಕೇನಿಯವರಿಗೆ ವಿಶ್ರಾಂತಿಯಿರಲಿಲ್ಲ. ಮುಂಬಯಿಯ ಹೋಲಿ ನೇಮ್ ದೇವಾಲಯದಲ್ಲೂ ಚಿತ್ರ ಬರೆದರು. ಬಳಿಕ ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯದಿಂದ ಕರೆ ಬಂತು. ಮಂಗಳೂರಿನ ಶಿಷ್ಯ ಡಿ ಗಾಮಾ ಅವರೊಡನೆ ಅಲ್ಲಿನ ಬಲಿಪೀಠವನ್ನು ಅಲಂಕರಿಸಿದರು. ಆ ದೇವಾಲಯದ ಪ್ರತಿಷ್ಠೆ 1905ರ ನವೆಂಬರ್ 19ರಂದು ನಡೆಯಿತು. ಅದಕ್ಕೆ ನಾಲ್ಕು ದಿನ ಮುಂಚೆ, ನವೆಂಬರ್ 15ರಂದು, ಬ್ರದರ್ ಮೊಸ್ಕೇನಿ ಕೊಚ್ಚಿಯಲ್ಲೇ ನಿಧನರಾಗಿದ್ದರು. ಆಗ ಅವರಿಗೆ 51 ವರ್ಷ.