ನಂದಗಡದ ಆಲದ ಮರ, ಸಂಗೊಳ್ಳಿಯ ಹೊಲ: ರಾಯಣ್ಣನ ಬದುಕು

ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ ಇದೆ. ಅದರ ಮೇಲೊಂದು ಆಲದ ಮರ. ಮಕ್ಕಳಾಗಲಿ ಎಂದು ಹರಕೆ ಹೊತ್ತ ಹೆಣ್ಣುಮಕ್ಕಳು ಇಲ್ಲಿ ಪುಟ್ಟ ತೊಟ್ಟಿಲು ಕಟ್ಟಿ ಹೋಗ್ತಾರೆ. ಗಲ್ಲಿಗೇರಿದವನ ಸಮಾಧಿಗೆ ಬಂದು ಮಕ್ಕಳನ್ನು ಬೇಡೋದು ನಮ್ಮ ಭಾಗದಲ್ಲಿ ಬೇರೆಲ್ಲೂ ಕಾಣಲಿಕ್ಕಿಲ್ಲ.

ರಾಯಣ್ಣ ಅಂದಕೂಡಲೇ ನಮ್ಮ ಕಣ್ಣಿಗೆ ಬರೋದು ಸರ್ಕಲ್‌ನಲ್ಲಿ ಖಡ್ಗ ಎತ್ತಿ ನಿಂತ ಮೂರ್ತಿ. ಆದರೆ ಆತನ ಕೊನೆಯ ಬಂಡಾಯ ಶುರುವಾದದ್ದು ಹೊಲದ ಲೆಕ್ಕದಿಂದ, ಕುಲಕರ್ಣಿಯ ದಫ್ತರದಿಂದ. ಇದನ್ನು ಮೂರ್ತಿ ಹೇಳೋದಿಲ್ಲ.

ಬೈಲಹೊಂಗಲ ತಾಲೂಕಿನ ಸಂಗೊಳ್ಳಿ ಮಲಪ್ರಭಾ ದಂಡೆಯ ಊರು. ರಾಯಣ್ಣ ಹುಟ್ಟಿದ್ದು ಅಲ್ಲಿನ ಕುರುಬರ ಮನೆತನದಲ್ಲಿ. ತಂದೆ ಭರಮಪ್ಪ, ತಾಯಿ ಕೆಂಚವ್ವ. ಹುಟ್ಟಿದ ದಿನ 1798ರ ಆಗಸ್ಟ್ 15 ಎಂದು ಪರಂಪರೆಯಿಂದ ಬಂದ ಲೆಕ್ಕ. ಆತ ಕಿತ್ತೂರು ಸಂಸ್ಥಾನದ ಶೇತಸನದಿ. ಅಂದರೆ ಊರ ಕಾವಲು, ಕರೆ ಬಂದಾಗ ಯುದ್ಧಕ್ಕೆ ಹೋಗೋದು, ಇದಕ್ಕೆ ಪ್ರತಿಯಾಗಿ ಉಂಬಳಿ ಹೊಲ. ಸಂಬಳ ಇಲ್ಲ, ಆ ಹೊಲವೇ ಸಂಬಳ.

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆ ಯುದ್ಧದಲ್ಲಿ ರಾಯಣ್ಣನೂ ಇದ್ದ. ಡಿಸೆಂಬರ್‌ನಲ್ಲಿ ಕಂಪನಿ ಸರ್ಕಾರ ದೊಡ್ಡ ದಂಡು ತಂದು ಕೋಟೆ ಗೆದ್ದಿತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಗೆ ಹೋದಳು. ರಾಯಣ್ಣನೂ ಸಿಕ್ಕಿಬಿದ್ದ, ಆಮೇಲೆ ಬಿಡುಗಡೆಯಾಗಿ ಊರಿಗೆ ಮರಳಿದ.

ಊರಿಗೆ ಬಂದರೆ ಕಾನೂನು ಬದಲಾಗಿತ್ತು. ಸಂಸ್ಥಾನವೇ ಇಲ್ಲದ ಮೇಲೆ ಉಂಬಳಿ ಎಲ್ಲಿಂದ? ಹೊಲದಲ್ಲಿ ಒಂದಿಷ್ಟು ಸರ್ಕಾರದ ಪಾಲಾಯಿತು, ಉಳಿದದ್ದಕ್ಕೆ ಕಂದಾಯ ಏರಿತು. ವಸೂಲಿಗೆ ನಿಂತ ಕುಲಕರ್ಣಿಗೂ ಈತನಿಗೂ ಜಗಳ ಬೆಳೆಯಿತು. ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿಸಿ ಅವಮಾನ ಮಾಡಿದ ಕಥೆ ಲಾವಣಿಯವರ ಬಾಯಲ್ಲಿ ಇಂದಿಗೂ ಇದೆ. ಆ ಕಥೆ ಹಾಗಿರಲಿ, ಹೊಲ ಕಳೆದುಕೊಂಡವರು ಸುತ್ತಲ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಮಂದಿ ಇದ್ದರು. ರಾಯಣ್ಣನ ದಂಡು ಕೂಡಿದ್ದು ಇಂಥವರಿಂದಲೇ. ಸಿದ್ದಿ ಜನಾಂಗದ ಗಜವೀರನಂಥ ಗೆಳೆಯರೂ ಜೊತೆಗಿದ್ದರು.

1829ರ ಫೆಬ್ರವರಿಯಲ್ಲಿ ಚನ್ನಮ್ಮ ಸೆರೆಯಲ್ಲೇ ತೀರಿಕೊಂಡಳು. ಅದೇ ವರ್ಷದ ಕೊನೆಗೆ ಬಂಡಾಯ ಜೋರು ಹಿಡಿಯಿತು. ಚನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಬೇಕು ಅನ್ನೋದು ರಾಯಣ್ಣನ ಗುರಿ. ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ಸಂಪಗಾವಿ, ನಂದಗಡ, ಖಾನಾಪುರದ ಕಡೆ ದಾಳಿ ನಡೆಯಿತು. ಎಲ್ಲೆಲ್ಲಿ ಕೈ ಹಾಕಿದರೂ ಮೊದಲು ಹುಡುಕಿದ್ದು ಖಜಾನೆ, ಆಮೇಲೆ ದಫ್ತರ. ಹೊಲದ ಲೆಕ್ಕ, ಸಾಲದ ಪತ್ರ ಸುಟ್ಟರೆ ರೈತನ ಕುತ್ತಿಗೆಯ ಹಗ್ಗ ಸಡಿಲಾಗುತ್ತದೆ ಎಂಬುದು ಆತನಿಗೆ ಗೊತ್ತಿತ್ತು. ಹೊಲಮನೆಯ ಉತಾರ ತೆಗೆಸಲು ಕಚೇರಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಡು, ಹಳ್ಳ, ಗುಡ್ಡ ಎಲ್ಲ ಬಲ್ಲ ದಂಡನ್ನು ಬಯಲು ಯುದ್ಧದಲ್ಲಿ ಹಿಡಿಯೋದು ಕಂಪನಿಗೆ ಆಗಲಿಲ್ಲ. ಹಿಡಿದುಕೊಟ್ಟವರು ನಮ್ಮವರೇ. 1830ರ ಏಪ್ರಿಲ್‌ನಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ, ಗೆಳೆಯನಂತೆ ಸೇರಿಕೊಂಡವನ ಕೈಗೆ ಖಡ್ಗ ಕೊಟ್ಟದ್ದೇ ತಪ್ಪಾಯಿತು ಎಂದು ಈ ಭಾಗದ ಮನೆಮನೆಯಲ್ಲಿ ಹೇಳ್ತಾರೆ. ಸಂಚಿನವರ ಹೆಸರು, ಊರು ಹಾಡುಗಳಲ್ಲಿ ಇವೆ. ಇಲ್ಲಿ ಬರೆಯುತ್ತಿಲ್ಲ. ಸುಮಾರು ಇನ್ನೂರು ವರ್ಷದ ಹಿಂದಿನ ಪಾಪವನ್ನು ಈಗಿನ ಮನೆತನಗಳ ಹೆಗಲಿಗೆ ಹೊರಿಸೋದು ನ್ಯಾಯವಲ್ಲ.

1831ರ ಜನವರಿ 26ರಂದು ನಂದಗಡದಲ್ಲಿ ಆಲದ ಮರಕ್ಕೆ ಗಲ್ಲು. ಜೊತೆಗಾರರಲ್ಲೂ ಕೆಲವರಿಗೆ ಅದೇ ಶಿಕ್ಷೆಯಾಯಿತು. ನಂದಗಡ ಆಗ ಗೋವೆಯ ಕಡೆಯಿಂದ ಅಡಿಕೆ, ತೆಂಗು, ಉಪ್ಪು ಬರುತ್ತಿದ್ದ ವ್ಯಾಪಾರದ ಪೇಟೆ. ನಾಲ್ಕು ಊರ ಮಂದಿ ಸೇರುವ ಜಾಗ ಅದು. ಜನ ನೋಡಿ ಹೆದರಲಿ ಎಂಬ ಲೆಕ್ಕವೂ ಸರ್ಕಾರಕ್ಕೆ ಇದ್ದಿರಬೇಕು. ರಾಯಣ್ಣನಿಗೆ ಆಗ ವಯಸ್ಸು 32.

ಥ್ಯಾಕರೆಗೆ ಧಾರವಾಡದಲ್ಲಿ ಬ್ರಿಟಿಷರು ಕಲ್ಲಿನ ಸ್ಮಾರಕ ನಿಲ್ಲಿಸಿದರು. ಆತ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ರಾಯಣ್ಣನ ಹೆಸರಿನಲ್ಲಿ ಆಗ ಒಂದು ಕಲ್ಲು ನೆಟ್ಟಿದ್ದರೂ ನೆಟ್ಟವನ ಗತಿ ಏನಾಗುತ್ತಿತ್ತೋ. ಸಸಿ ನೆಟ್ಟರೆ ಯಾರೂ ಕೇಳೋದಿಲ್ಲ. ಗೆಳೆಯ ಚನ್ನಬಸಪ್ಪ ಸಮಾಧಿಯ ಮೇಲೆ ಆಲದ ಸಸಿ ನೆಟ್ಟ, ಅದೇ ಇಂದಿನ ಮರ ಎಂಬುದು ಊರವರ ನಂಬಿಕೆ. ಮರದ ಜೊತೆ ಗೀಗೀ ಪದ, ಲಾವಣಿ ಬೆಳೆದವು. ಸ್ವಾತಂತ್ರ್ಯ ಬಂದು ಸರ್ಕಾರಕ್ಕೆ ನೆನಪಾಗುವ ತನಕ ಹೆಸರು ಉಳಿಸಿದ್ದು ಇವೆರಡೇ.

ಈಗ ಸ್ಮಾರಕಕ್ಕೆ ಕೊರತೆ ಇಲ್ಲ. ಸಮಾಧಿಯ ಹತ್ತಿರ ಅಶೋಕ ಸ್ತಂಭ ಇದೆ, ಚಿಕ್ಕ ಗುಡಿ ಇದೆ. ಗುಡಿಯೊಳಗಿನ ಮೂರ್ತಿಯ ಆಚೀಚೆ ಗರಡಿಯಲ್ಲಿ ಎತ್ತುವ ಮರದ ಭಾರಗಳಿವೆ. ಅವುಗಳಲ್ಲಿ ಒಂದು ರಾಯಣ್ಣನೇ ಬಳಸಿದ್ದು ಅಂತಾರೆ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ಇಳಿಯೋದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ. ಬೆಂಗಳೂರಿನವರು ಅದನ್ನು ಕೆಎಸ್ಆರ್ ಎಂದು ಮೊಟಕು ಮಾಡಿದ್ದಾರೆ, ಆ ಮೂರು ಅಕ್ಷರದಲ್ಲಿ ಊರೂ ಇಲ್ಲ, ಮನುಷ್ಯನೂ ಇಲ್ಲ. ನಮ್ಮ ಕಡೆಯವರಾದರೂ ಟಿಕೆಟ್ ಕೇಳುವಾಗ ಪೂರ್ತಿ ಹೆಸರು ಹೇಳಬಹುದು.

ನಂದಗಡಕ್ಕೆ ಹೋಗುವವರಿಗೆ ಒಂದು ಮಾತು. ಗಲ್ಲಿಗೇರಿಸಿದ ಜಾಗ ಬೇರೆ, ಸಮಾಧಿ ಬೇರೆ. ಒಂದನ್ನೇ ನೋಡಿ ತಿರುಗಿ ಬರಬೇಡಿ, ಎರಡಕ್ಕೂ ದಾರಿ ಕೇಳಿ. ಜನವರಿ 26ರಂದು ಜನ ಜಾಸ್ತಿ, ಪುರುಸೊತ್ತಾಗಿ ನೋಡಬೇಕೆಂದರೆ ಬೇರೆ ದಿನ ಹೋಗೋದು ಒಳ್ಳೇದು.