ವುಡಿ ಗತ್ರಿ

ವುಡಿ ಗತ್ರಿ (ಜುಲೈ 14, 1912 – ಅಕ್ಟೋಬರ್ 3, 1967) ಅಮೆರಿಕದ ಪ್ರಸಿದ್ಧ ಜಾನಪದ ಗಾಯಕರು ಹಾಗೂ ಗೀತರಚನಕಾರರು. ಇವರು ಓಕ್ಲಹೋಮ ರಾಜ್ಯದ ಒಕೀಮಾ ಪಟ್ಟಣದಲ್ಲಿ ಜನಿಸಿದರು. ಹಂಟಿಂಗ್ಟನ್ ಕಾಯಿಲೆಗೆ ತುತ್ತಾಗಿದ್ದ ಇವರ ತಾಯಿ ನೋರಾ ಅವರನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಲಾಗಿತ್ತು.

1940ರ ದಶಕದ ಕೊನೆಯಲ್ಲಿ ಗತ್ರಿಯವರ ಚಲನೆ, ಮಾತು ಮತ್ತು ಸ್ವಭಾವಗಳಲ್ಲಿ ಏರುಪೇರುಗಳು ಕಾಣಿಸಿಕೊಂಡವು. ಅವುಗಳಿಗೆ ಒಮ್ಮೆ ಮದ್ಯವ್ಯಸನವನ್ನೂ ಇನ್ನೊಮ್ಮೆ ಸ್ಕಿಜೋಫ್ರೇನಿಯಾವನ್ನೂ ಕಾರಣವೆಂದು ಭಾವಿಸಲಾಯಿತು. ಕೊನೆಗೆ 1952ರಲ್ಲಿ, ತಾಯಿಯ ರೋಗವೇ ಇವರನ್ನೂ ಬಾಧಿಸುತ್ತಿದೆಯೆಂದು ವೈದ್ಯರು ನಿರ್ಣಯಿಸಿದರು. ಮೆದುಳಿನ ನರಕೋಶಗಳನ್ನು ಕ್ರಮೇಣ ನಾಶಪಡಿಸುವ ಈ ಆನುವಂಶಿಕ ರೋಗವನ್ನು ಗುಣಪಡಿಸುವ ಔಷಧವಿರಲಿಲ್ಲ. ಗತ್ರಿಯವರು ಹಲವು ವರ್ಷ ಆಸ್ಪತ್ರೆಗಳಲ್ಲಿಯೇ ಕಳೆದು ನ್ಯೂಯಾರ್ಕ್ ನಗರದಲ್ಲಿ ನಿಧನರಾದರು.

ಇವರ ಮಾಜಿ ಪತ್ನಿ ಮಾರ್ಜೊರಿ 1967ರಲ್ಲಿ ಈ ರೋಗದ ವಿರುದ್ಧ ಹೋರಾಡುವ ಸಮಿತಿಯನ್ನು ಸ್ಥಾಪಿಸಿದರು. ರೋಗಕ್ಕೆ ಕಾರಣವಾದ ವಂಶವಾಹಿಯು 1993ರಲ್ಲಿ ಪತ್ತೆಯಾದ ಬಳಿಕ ರಕ್ತಪರೀಕ್ಷೆಯಿಂದಲೇ ಇದನ್ನು ಖಚಿತಪಡಿಸಿಕೊಳ್ಳಲು ಸಾಧ್ಯವಾಯಿತು.