ಮದುವೆಯಾದರೆ ಮುಟ್ಟಿನ ಏರುಪೇರು ಸರಿಹೋಗುತ್ತಾ?

ಆಳಂದ, ಅಫಜಲಪುರ, ಜೇವರ್ಗಿಯ ಓದುಗರ ಮೊಬೈಲಿಗೂ ಈ ಮಾತು ಬಂದಿರಬಹುದು. ಇದು ಸುಳ್ಳು. ಮುಟ್ಟು ನಡೆಯುವುದು ಹಾರ್ಮೋನುಗಳಿಂದ, ತಾಳಿಯಿಂದಲ್ಲ.

ವಾಟ್ಸ್‌ಆ್ಯಪ್ ಬರುವ ಎಷ್ಟೋ ವರ್ಷ ಮೊದಲೇ ದೇಹದ ವಿಜ್ಞಾನವನ್ನು ಸರಳ ಕನ್ನಡದಲ್ಲಿ ಹೆಣ್ಣುಮಕ್ಕಳ ಕೈಗಿಟ್ಟವರು ಡಾ. ಅನುಪಮಾ ನಿರಂಜನ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದಾಗ ಅವರ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಧಾರವಾಡ, ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ಕಾದಂಬರಿಗಳನ್ನೂ ಆರೋಗ್ಯದ ಪುಸ್ತಕಗಳನ್ನೂ ಬರೆದರು. ಹುಡುಗಿಯರು ಯಾರನ್ನೂ ಕೇಳಲಾರದ ಸಂಗತಿಗಳಿಗೆಂದೇ ‘ಕೇಳು ಕಿಶೋರಿ’ ಬಂತು. ಅಮ್ಮಂದಿರೂ ಓದಿರಬೇಕು ಅಂತ ನಮ್ಮ ಊಹೆ! 1991ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು.

ಥೈರಾಯ್ಡ್, ಪಿಸಿಓಎಸ್‌ನಿಂದಲೂ ಮುಟ್ಟು ತಪ್ಪುತ್ತದೆ. ಗರ್ಭಿಣಿಯಲ್ಲದೆ ಮೂರು ತಿಂಗಳು ಮುಟ್ಟಾಗದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ರಕ್ತಪರೀಕ್ಷೆ, ಬೇಕಾದರೆ ಸ್ಕ್ಯಾನಿಂಗ್ ಮಾಡಿಸಿ ಕಾರಣ ಹುಡುಕುತ್ತಾರೆ.